ಕಡ್ಡಿಗೆ ಗ್ಲೂಕೋಸ್

ಮಂಡಿಕಲ್ಲಿನ ನಮ್ಮ ಮನೆಯ ಜಗಲಿ ಗೋಡೆಗೆ ಎರಡು ಮೊಳೆ ಹೊಡೆದಿದ್ದೇನೆ. ನಡುವೆ ಸರಿಯಾಗಿ 26 ಇಂಚು. ಮೊಳೆಗಳ ಮೇಲೆ ಒಂದು ಕಡ್ಡಿ ಅಡ್ಡ ಇಟ್ಟು, ಅದರ ನಟ್ಟನಡುವೆ ನೀರಿನ ಬಾಟಲಿ ನೇತುಹಾಕಿ, ಎಷ್ಟು ಬಾಗಿತು ಅಂತ ಸ್ಕೇಲ್ ಹಿಡಿದು ನೋಡುವುದು ಈಚೆಗೆ ನನ್ನ ಭಾನುವಾರದ ಕೆಲಸ. ಎದುರು ಮನೆಯ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಬಹಳ ಹೊತ್ತು ಸುಮ್ಮನೆ ನೋಡಿದರು. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟರು:

"ಏನಪ್ಪಾ, ಕಡ್ಡಿಗೆ ಗ್ಲೂಕೋಸ್ ಹಾಕಿದ್ದೀಯಾ?"

"ಬಾಣಕ್ಕೆ ಅಜ್ಜಿ."

"ಯಾವ ಬಾಣ? ದೀಪಾವಳಿ ಆಗೋಯ್ತಲ್ಲ!"

ಅಜ್ಜಿಯದು ತಪ್ಪಲ್ಲ. ನಮ್ಮ ಕಡೆ ಬಾಣ ಅಂದರೆ ಈಗ ಬಾಟಲಿಯಲ್ಲಿ ನಿಲ್ಲಿಸಿ ಬತ್ತಿ ಹಚ್ಚುವ ರಾಕೆಟ್ಟು. ಹೈದರ್, ಟಿಪ್ಪು ಕಾಲದಲ್ಲಿ ಬ್ರಿಟಿಷರ ಮೇಲೆ ಹಾರಿದ ಕಬ್ಬಿಣದ ಕೊಳವೆಯ ಅಗ್ನಿಬಾಣಕ್ಕೂ ಬೆನ್ನೆಲುಬಾಗಿ ಇದ್ದದ್ದು ಬಿದಿರ ಕೋಲೇ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಮೀರಿ ಅಂಥ ಕೊಳವೆಗಳನ್ನು ತೆಗೆದರಲ್ಲ, ಅವುಗಳ ಕಬ್ಬಿಣ ಉಳಿದಿತ್ತು. ಅದನ್ನು ನೆಟ್ಟಗೆ ಹಾರಿಸುತ್ತಿದ್ದ ಕೋಲನ್ನು ಕೇಳುವವರು ಯಾರು? ಬಾಣದ ಕಥೆಯಲ್ಲಿ ಯಾವಾಗಲೂ ಹೀಗೆಯೇ. ಅಲಗು ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ, ಬಿಲ್ಲು ಪುರಾಣಕ್ಕೆ ಹೋಗುತ್ತದೆ, ನಡುವಿನ ಕಡ್ಡಿ ಮಣ್ಣಿಗೆ.

ನನ್ನ ಗೀಳು ಆ ನಡುವಿನ ಕಡ್ಡಿಯದು. ಐದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಉದ್ದಬಿಲ್ಲಿನ ಚಟ ಹತ್ತಿತು. ಆಳೆತ್ತರದ, ಮರದ, ಬರೀ ಬಿಲ್ಲು. ಗುರಿ ನೋಡಲು ಯಂತ್ರವಿಲ್ಲ, ಬಾಣ ಕೂರಿಸಲು ಮೆಟ್ಟಿಲಿಲ್ಲ. ಹಿಡಿದ ಮುಷ್ಟಿಯ ಮೇಲೆ ಬಾಣ ಕೂರಬೇಕು, ಕಣ್ಣು ಗುರಿಯಲ್ಲಿ ನೆಡಬೇಕು. ನನ್ನದು ಪೂರ್ತಿ ಎಳೆದಾಗ 40 ಪೌಂಡ್ ತೂಗುವ ಬಿಲ್ಲು. ಇಂಥ ಬಿಲ್ಲಿಗೆ ಕಾರ್ಬನ್ ಬಾಣ ಹೂಡಿದರೆ ರೇಷ್ಮೆ ಪಂಚೆಗೆ ಪ್ಲಾಸ್ಟಿಕ್ ಬೆಲ್ಟ್ ಕಟ್ಟಿದ ಹಾಗೆ. ಮರದ್ದೇ ಬೇಕು, ಇಲ್ಲವೇ ಬಿದಿರಿನದು. ಆದರೆ ಯಾವ ಮರ? ಎಂಥ ಬಿದಿರು?

ಮೊದಲ ಡಜನ್ ಕಡ್ಡಿಗಳನ್ನು ನಾನು ತಂದದ್ದು ಮರದ ಸಾಮಾನು ಮಾರುವ ಒಂದು ಅಂಗಡಿಯಿಂದ. ಉರುಟಾಗಿ, ನುಣುಪಾಗಿ, ಬಣ್ಣ ಕೂಡ ಚೆಂದ. ಗರಿ ಅಂಟಿಸಿ, ಮುಂದಕ್ಕೆ ಹಿತ್ತಾಳೆ ಮೊನೆ ತೊಡಿಸಿ ಹೂಡಿದೆ. ನಾಲ್ಕನೆಯ ಬಾಣ ಬಿಲ್ಲು ಬಿಡುವ ಮೊದಲೇ ಚಟಕ್ ಎಂದಿತು. ಮುರಿದ ತುದಿ ಸೀಳು ಸೂಜಿಯಂತೆ ನನ್ನ ಎಡಗೈ ಹೆಬ್ಬೆರಳಿನ ಬುಡವನ್ನು ಸವರಿಕೊಂಡು ಹೋಯಿತು. ಎರಡು ಹೊಲಿಗೆ. ಆಮೇಲೆ ಉಳಿದ ಕಡ್ಡಿಗಳನ್ನು ಬಿಸಿಲಿಗೆ ಹಿಡಿದು ನೋಡಿದಾಗ ಗೊತ್ತಾಯಿತು: ಮರದ ಎಳೆ ಕಡ್ಡಿಯ ಉದ್ದಕ್ಕೂ ಓಡಿರಲೇ ಇಲ್ಲ. ಒಂದು ಪಕ್ಕದಲ್ಲಿ ಹೊರಟು ಅರ್ಧ ಅಡಿಯೊಳಗೆ ಇನ್ನೊಂದು ಪಕ್ಕದಲ್ಲಿ ಹೊರಬಿದ್ದಿತ್ತು. ಯಂತ್ರಕ್ಕೆ ಎಳೆ ಕಾಣುವುದಿಲ್ಲ, ಹಲಗೆಯನ್ನು ನೆಟ್ಟಗೆ ಕೊಯ್ಯುವುದಷ್ಟೇ ಅದಕ್ಕೆ ಗೊತ್ತು. ನಮ್ಮೂರಿನ ಆಚಾರ್ರು ನೇಗಿಲ ಈಸಿಗೆ ಮರ ನೋಡುವಾಗ ಎಳೆ ಎಲ್ಲಿ ಹೊರಟು ಎಲ್ಲಿ ಮುಗಿಯಿತು ಅಂತ ಉಗುರಲ್ಲಿ ಗೀರಿ ನೋಡುತ್ತಿದ್ದರು. ಅದನ್ನು ಕಣ್ಣಾರೆ ಕಂಡು ಬೆಳೆದವನು ನಾನು, ಕಾಸು ಕೊಟ್ಟು ಹೆಬ್ಬೆರಳು ಕೊಯ್ದುಕೊಂಡೆ. ಏಕಲವ್ಯನದಕ್ಕೆ ಗುರುದಕ್ಷಿಣೆ ಅಂತ ಹೆಸರಾದರೂ ಇತ್ತು.

ಹಾಗಾಗಿ ಮೊದಲ ನಿಯಮ ಎಳೆಯದು. ಬುಡದಿಂದ ತುದಿವರೆಗೆ ಎಳೆ ಕಡ್ಡಿಯ ಜೊತೆಯಲ್ಲೇ ಸಾಗಬೇಕು, ಗಂಟು ಇರಕೂಡದು. ಎಳೆ ಕೊಂಚ ಹೊರಬಿದ್ದಿದ್ದರೆ ಮೇಲ್ಮೈಯಲ್ಲಿ ಅದು ಬಾಣದ ಗುರುತಿನಂತೆ ಚೂಪಾಗಿ ಕಾಣುತ್ತದೆ. ಆ ಚೂಪು ಮೇಲ್ಭಾಗದಲ್ಲಿ ಮೊನೆಯ ಕಡೆಗೆ ಮುಖ ಮಾಡಿರಲಿ, ಅಕಸ್ಮಾತ್ ಮುರಿದರೂ ಸೀಳು ಕೈಯಿಂದಾಚೆಗೆ ಹೋಗುತ್ತದೆ. ಹಿಂದೆ ಹೆದೆಗೆ ಸಿಗಿಸುವ ಕಚ್ಚನ್ನು ಮರದ ಉಂಗುರಗಳಿಗೆ ಅಡ್ಡವಾಗಿ ಕೊರೆಯಬೇಕು. ಉಂಗುರದ ಜಾಡಿನಲ್ಲೇ ಕೊರೆದರೆ ಹೆದೆಯೇ ಬೆಣೆಯಾಗಿ ಸೌದೆಯಂತೆ ಸೀಳಿಬಿಡುತ್ತದೆ. ಹೂಡುವ ಮುಂಚೆ ಪ್ರತಿ ಬಾರಿಯೂ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಬಗ್ಗಿಸಿ ಕೇಳುವ ಅಭ್ಯಾಸ ನನಗೀಗ ಆಗಿದೆ. ಸಣ್ಣಗೆ ಟಿಕ್ ಅಂದರೂ ಸಾಕು, ಅದು ಒಲೆಗೆ.

ಇನ್ನು ಬಾಟಲಿಯ ವಿಷಯ.

ಬಾಣ ನೆಟ್ಟಗೆ ಹೋಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. 'ನೇರ' ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಹೋಲಿಕೆ ಕನ್ನಡದಲ್ಲಿಲ್ಲ. ನಿಜವಾಗಿ ಅದು ಹಾವಿನಂತೆ ನುಲಿಯುತ್ತಾ ಹೋಗುತ್ತದೆ. ಬಿಲ್ಲಿಗೆ ದಪ್ಪ ಇದೆ, ಬಾಣ ಕೂರುವುದು ಅದರ ಪಕ್ಕಕ್ಕೆ. ಹೆದೆ ಮರಳುವುದು ಬಿಲ್ಲಿನ ನಡುಗೆರೆಗೆ. ಅಂದರೆ ಹೂಡಿದ ಬಾಣದ ಮೊನೆ ಗುರಿಯಿಂದ ಕೊಂಚ ಪಕ್ಕಕ್ಕೇ ನೋಡುತ್ತಿರುತ್ತದೆ. ಆದರೂ ನಾಟುವುದು ಗುರಿಗೇ. ಇದಕ್ಕೆ 'ಬಿಲ್ಲುಗಾರನ ವಿರೋಧಾಭಾಸ' ಅಂತ ಹೆಸರು. 1930ರ ದಶಕದಲ್ಲಿ ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಕ್ಯಾಮೆರಾ ಇಟ್ಟು ಸೆರೆಹಿಡಿದಾಗ ಗುಟ್ಟು ರಟ್ಟಾಯಿತು: ಹೆದೆ ತಳ್ಳಿದ ಏಟಿಗೆ ಕಡ್ಡಿ ಬಳುಕಿ, ಬಿಲ್ಲಿನ ಹಿಡಿಯನ್ನು ಸುತ್ತಿ ಹಾಯ್ದು, ಆಚೆ ಬದಿಗೆ ಬಳುಕಿ, ಹಾಗೇ ಓಲಾಡುತ್ತಾ ಗುರಿಯ ದಾರಿ ಹಿಡಿಯುತ್ತದೆ. ಸಂತೆಯಲ್ಲಿ ತಲೆ ಮೇಲೆ ಕುಕ್ಕೆ ಹೊತ್ತ ಹೆಂಗಸು ಎದುರು ಬಂದವರಿಗೆ ತಾಗದಂತೆ ಸೊಂಟ ತಿರುಗಿಸಿ ದಾಟುತ್ತಾಳಲ್ಲ, ಹಾಗೆ.

ಬಳುಕು ಎಷ್ಟಿರಬೇಕು ಅನ್ನುವುದೇ ಎಲ್ಲ. ಬಲಗೈ ಬಿಲ್ಲುಗಾರನಿಗೆ ಕಡ್ಡಿ ಬಿರುಸಾದರೆ ಬಾಣ ಎಡಕ್ಕೆ, ಮೆದುವಾದರೆ ಬಲಕ್ಕೆ. ಇದನ್ನು ಅಳೆಯುವ ಹಳೆಯ ಪದ್ಧತಿ ನನ್ನ ಜಗಲಿಯ ಮೇಲಿದೆ. 26 ಇಂಚು ಅಂತರ, ನಡುವೆ 2 ಪೌಂಡ್ ತೂಕ, ಅಂದರೆ 907 ಗ್ರಾಂ. ಲೀಟರ್ ಬಾಟಲಿಗೆ ಒಂಬೈನೂರು ಗ್ರಾಮಿನಷ್ಟು ನೀರು ತುಂಬಿ, ದಾರ ಸಮೇತ ತಕ್ಕಡಿಗೆ ಹಾಕಿ ಸರಿಮಾಡಿಕೊಂಡರೆ ಆಯಿತು. ಕಡ್ಡಿ ಎಷ್ಟು ಇಂಚು ಜಗ್ಗಿತೋ ಅದರಿಂದ 26ನ್ನು ಭಾಗಿಸಿದರೆ ಎಷ್ಟು ಪೌಂಡಿನ ಬಿಲ್ಲಿಗೆ ಆ ಕಡ್ಡಿ ಒಗ್ಗುತ್ತದೆ ಅನ್ನುವ ಲೆಕ್ಕ ಬರುತ್ತದೆ. ನನ್ನ 40ಕ್ಕೆ 0.65 ಇಂಚು, ಹದಿನಾರೂವರೆ ಮಿಲಿಮೀಟರ್. ಉದ್ದಬಿಲ್ಲು ದಪ್ಪ, ಬಾಣ ಹೆಚ್ಚು ಸುತ್ತಿಹೋಗಬೇಕು, ಆದ್ದರಿಂದ ಇನ್ನೂ ಎರಡು ಮಿಲಿಮೀಟರ್ ಹೆಚ್ಚು ಬಾಗಿದರೆ ನನಗೆ ಖುಷಿ. ತಮಾಷೆಯೆಂದರೆ ಕಡ್ಡಿಯ ದಪ್ಪದಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಇಲ್ಲಿ ದೊಡ್ಡದಾಗುತ್ತದೆ. 8 ಮಿಲಿಮೀಟರ್ ಕಡ್ಡಿಯ ಬದಲು ಅದೇ ಮರದ 8.4 ಮಿಲಿಮೀಟರ್ ಕಡ್ಡಿ ತೆಗೆದುಕೊಂಡರೆ ಬಿರುಸು ಐದನೇ ಒಂದು ಪಾಲಿಗಿಂತ ಹೆಚ್ಚಾಗುತ್ತದೆ. ಉಪ್ಪುಕಾಗದ ಹಿಡಿದು ನಾಲ್ಕು ಸಲ ಹೆಚ್ಚಿಗೆ ಉಜ್ಜಿದರೆ ಬಾಣದ ಗುಣವೇ ಬದಲು.

ತೂಕವೂ ಹಾಗೆಯೇ. ಈ ವ್ಯವಹಾರದಲ್ಲಿ ತೂಕ ಗ್ರೇನಿನಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ನನ್ನ ಬಿಲ್ಲಿಗೆ 400 ಗ್ರೇನ್ ಆಸುಪಾಸಿನ ಬಾಣ ಹದ, ಅಂದರೆ 26 ಗ್ರಾಂ. ಚಿನಿವಾರರ ಹಳೆ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು ಗುಲಗಂಜಿ. ಒಂದೊಂದು ಕಡ್ಡಿಯನ್ನೂ ಒಡವೆ ತೂಗುವ ತಕ್ಕಡಿಯಲ್ಲಿ ಇಟ್ಟು ಪೆನ್ಸಿಲಿನಲ್ಲಿ ಅಂಕಿ ಬರೆಯುತ್ತೇನೆ. ಹೊಸಬರು ಅತಿ ಒಳ್ಳೆಯ ಕಡ್ಡಿಯನ್ನು ಹುಡುಕುತ್ತಾರೆ, ನಾನೂ ಹುಡುಕಿದೆ. ಹನ್ನೊಂದು ಸಾಧಾರಣ ಕಡ್ಡಿಗಳ ನಡುವೆ ಒಂದು ಅತ್ಯುತ್ತಮ ಕಡ್ಡಿ ಇದ್ದರೆ ತಪ್ಪಿ ಬೀಳುವುದು ಅದೇ. ಬೇಕಾದದ್ದು ಹನ್ನೆರಡು ಜನ ಅಣ್ಣತಮ್ಮಂದಿರು, ಒಂದೇ ತೂಕ, ಒಂದೇ ಬಳುಕು. ರಾಮಾಯಣದ ರಾಮನಿಗೆ ಒಂದೇ ಬಾಣ ಸಾಕಿತ್ತು, ನಮಗೆ ಹಾಗಲ್ಲ.

ಮರಗಳ ವಿಚಾರಕ್ಕೆ ಬಂದರೆ ಇಂಗ್ಲೆಂಡಿನವರು ಬರೆದಿಟ್ಟಷ್ಟು ಯಾರೂ ಬರೆದಿಟ್ಟಿಲ್ಲ. 1545ರಲ್ಲಿ ರೋಜರ್ ಆಸ್ಕಂ ಎಂಬಾತ ಬಿಲ್ವಿದ್ಯೆಯ ಬಗ್ಗೆ ಪುಸ್ತಕ ಬರೆದು ಬಾಣಕ್ಕೆ ಒದಗುವ ಹದಿನೈದು ಮರಗಳ ಪಟ್ಟಿ ಕೊಟ್ಟ, ಯುದ್ಧಕ್ಕೆ ಆ್ಯಶ್ ಮರವೇ ಮೇಲು ಅಂದ. ಅದೇ ವರ್ಷ ಅವರ ರಾಜನ 'ಮೇರಿ ರೋಸ್' ಹಡಗು ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತುವ ಹೊತ್ತಿಗೆ ಕೆಸರಿನಲ್ಲಿ ಸಿಕ್ಕಿದ್ದವು ಮೂರೂವರೆ ಸಾವಿರದಷ್ಟು ಬಾಣಗಳು, ಬಹುಪಾಲು ಹಗುರವಾದ ಪಾಪ್ಲರ್ ಜಾತಿಯವು. ಪುಸ್ತಕ ಒಂದು ಹೇಳಿತು, ಹಡಗು ಇನ್ನೊಂದು ಹೇಳಿತು. ಅದಕ್ಕೂ ಮೊದಲು 1416ರಲ್ಲಿ ಅಲ್ಲಿ ಮರದ ಮೆಟ್ಟು ಮಾಡುವವರು ಪಾಪ್ಲರಿನ ಒಂದು ಜಾತಿಯಾದ ಆಸ್ಪೆನ್ ಮುಟ್ಟಕೂಡದು, ಅದು ಬಾಣಕ್ಕೆ ಮೀಸಲು ಅಂತ ಕಾನೂನೇ ಆಗಿತ್ತು. ಇಪ್ಪತ್ತನೇ ಶತಮಾನದಲ್ಲಿ ಆ ಪಟ್ಟ ಅಮೆರಿಕದ ಆರೆಗಾನ್ ಕರಾವಳಿಯ ಪೋರ್ಟ್ ಆರ್ಫರ್ಡ್ ಸೀಡರಿಗೆ ಹೋಯಿತು. ಹಗುರ, ನೇರ ಎಳೆ, ಮುರಿದರೆ ಶುಂಠಿಯಂಥ ಘಾಟು. ಬೇರು ಕೊಳೆಯುವ ರೋಗ ಬಿದ್ದು ಆ ಮರವೂ ಈಗ ಅಪರೂಪ. ಒಂದು ಡಜನ್ ತರಿಸಿದ್ದೆ. ಸುಂಕ ಸೇರಿ ಬಂದ ಬಿಲ್ಲನ್ನು ಮನೆಯಲ್ಲಿ ತೋರಿಸಲಿಲ್ಲ. ಕಾಗದದ ಬಿಲ್ಲು ಕೂಡ ಬಿಲ್ಲೇ, ಅದರ ಬಾಣ ಎಲ್ಲಿ ನಾಟುತ್ತದೆ ಅಂತ ಗೊತ್ತಿತ್ತು.

ನಮ್ಮಲ್ಲಿ ಏನಿದೆ? ಜಗಲಿಯಿಂದ ಕಣ್ಣು ಹಾಯಿಸಿದರೆ ಮೊದಲು ಕಾಣುವುದು ನೀಲಗಿರಿ. ನಮ್ಮ ತಾಲ್ಲೂಕಿನ ನಂದಿ ಬೆಟ್ಟದ ಮೇಲೆ 1790ರ ಸುಮಾರಿಗೆ ಟಿಪ್ಪು ನೆಡಿಸಿದ ಗಿಡಗಳಿಂದಲೇ ಅದರ ಭಾರತದ ಕಥೆ ಶುರುವಾಗುತ್ತದೆ. ಇಲ್ಲಿನ ಸಂತಾನವನ್ನು ಅರಣ್ಯದವರು 'ಮೈಸೂರು ಗಮ್' ಅಂತಲೇ ಕರೆದರು. ಅಂತರ್ಜಲ ಕುಡಿಯುತ್ತದೆ ಅಂತ 2017ರಲ್ಲಿ ಹೊಸದಾಗಿ ನೆಡುವುದನ್ನು ಸರ್ಕಾರ ನಿಲ್ಲಿಸಿತು. ಅದರ ಗಳ ನೋಡಿದರೆ ಆಸೆ ಹುಟ್ಟುತ್ತದೆ, ಸೀಳಿದರೆ ಎಳೆ ತಿರುಪಿನಂತೆ ಸುತ್ತಿಕೊಂಡಿರುತ್ತದೆ, ಒಣಗುತ್ತಾ ಕಡ್ಡಿಯೇ ನುಲಿದುಕೊಳ್ಳುತ್ತದೆ. ಆಸ್ಟ್ರೇಲಿಯಾದವರು ದೊಡ್ಡ ಕಾಡಿನ ನೀಲಗಿರಿ ಜಾತಿಗಳಿಂದ ಬಾಣ ಮಾಡಿಕೊಳ್ಳುತ್ತಾರೆ. ನಮ್ಮ ಏಳೆಂಟು ವರ್ಷದ ಕೂಳೆ ಮರದಿಂದ ಅದು ಆಗದ ಮಾತು, ನಾನು ಎರಡು ಬೇಸಿಗೆ ಹಾಳು ಮಾಡಿಕೊಂಡು ಹೇಳುತ್ತಿದ್ದೇನೆ. ಸರ್ವೆ ಭಾರ. ತೇಗ ಪರವಾಗಿಲ್ಲ, ಹಳೆ ಬಾಗಿಲಿನ ಚೌಕಟ್ಟು ಸಿಕ್ಕರೆ ಎಳೆ ನೇರವಾಗಿರುತ್ತದೆ, ಆದರೆ ಬಾಣದ ಬೆನ್ನಿಗೆ ಬೇಕಾದ ಚಿಮ್ಮು ಅದಕ್ಕೆ ಕಡಿಮೆ. ಮಲೆನಾಡಿನ ತಡಸಲು ಬಹಳ ಚಿಮ್ಮುವ ಮರ, ಹಿಂದೆ ಗಾಡಿಗೆ, ಹಿಡಿಕೆಗೆ, ಬಿಲ್ಲಿಗೆ ಅದನ್ನೇ ಹುಡುಕುತ್ತಿದ್ದರು. ಬಾಣಕ್ಕೆ ತೂಕ ಹೆಚ್ಚು. ಶಿಡ್ಲಘಟ್ಟದ ಕಡೆಯವನೊಬ್ಬ ಗೆಳೆಯ ಹಿಪ್ಪುನೇರಳೆ ಕಡ್ಡಿಯ ಕಟ್ಟು ತಂದುಕೊಟ್ಟ. ಹುಳು ಸೊಪ್ಪು ತಿಂದು ಬಿಟ್ಟ ಮೇಲೆ ಒಲೆಗೆ ಹೋಗುವ ಕಡ್ಡಿಗಳು, ಚೆನ್ನಾಗಿಯೇ ನೆಟ್ಟಗಿದ್ದವು. ನಡುವಿನ ಬೆಂಡು ದಪ್ಪ, ಒಣಗಿದ ಮೇಲೆ ಬಾಟಲಿ ತಡೆಯಲಿಲ್ಲ.

ಹೀಗೆ ಎಲ್ಲ ಸುತ್ತಿ ನಾನು ಬಂದು ನಿಂತದ್ದು ಬಿದಿರಿನ ಹತ್ತಿರ, ನಮ್ಮವರು ಎರಡು ಸಾವಿರ ವರ್ಷದಿಂದ ನಿಂತಿದ್ದ ಜಾಗದಲ್ಲಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಸಿಕ್ಕ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನ ಅಧ್ಯಾಯವಿದೆ. ಬಾಣಗಳ ಬಗೆ ಹೇಳುವಾಗ ಮೊದಲು ಬರುವುದು ವೇಣು, ಆಮೇಲೆ ಶರ. ವೇಣು ಬಿದಿರು, ಶರ ಜೊಂಡಿನ ಜಾತಿಯ ಹುಲ್ಲುಕಡ್ಡಿ. ಬಾಣಕ್ಕೆ ಶರ ಅಂತ ಹೆಸರು ಬಂದದ್ದೇ ಆ ಕಡ್ಡಿಯಿಂದ. ಪರ್ಷಿಯದ ದೊರೆಯ ಸೈನ್ಯದಲ್ಲಿದ್ದ ಭಾರತದವರ ಬಿಲ್ಲೂ ಬಾಣವೂ ಜೊಂಡಿನವು, ಮೊನೆ ಕಬ್ಬಿಣದ್ದು ಅಂತ ಹೆರೊಡೊಟಸ್ ಬರೆದಿದ್ದಾನೆ. ನಮ್ಮ ಹಳಗನ್ನಡಕ್ಕೆ ಬಂದರೆ ಅಂಬು, ಕಣೆ, ಕೋಲು, ಸರಳು. ಸರಳು ಈಗ ಕಿಟಕಿಗೆ ಹೋಗಿ ಸೇರಿಕೊಂಡಿದೆ.

ವಸಿಷ್ಠ ಧನುರ್ವೇದ ಅನ್ನುವ ಸಂಸ್ಕೃತ ಗ್ರಂಥ ಕಡ್ಡಿಯ ಲಕ್ಷಣ ಹೇಳುವ ರೀತಿ ನೋಡಿದರೆ ಬರೆದವನು ಕೈ ಕೊಯ್ದುಕೊಂಡವನೇ ಇರಬೇಕು. ಬಹಳ ದಪ್ಪ ಬೇಡ, ಬಹಳ ಸಣ್ಣ ಬೇಡ, ಎಳಸು ಬೇಡ, ಕೆಟ್ಟ ನೆಲದಲ್ಲಿ ಬೆಳೆದದ್ದು ಬೇಡ, ಗೆಣ್ಣು ಊನವಾದದ್ದು, ಸೀಳಿದ್ದು ಬೇಡ. ಗೆಣ್ಣು ತುಂಬಿದ, ಚೆನ್ನಾಗಿ ಬಲಿತ, ಬಿಳಿಹಳದಿ ಬಣ್ಣ ತಿರುಗಿದ, ಸಕಾಲದಲ್ಲಿ ಕಡಿದದ್ದು ಬೇಕು. ಉದ್ದ ಎರಡು ಮೊಳಕ್ಕೆ ಒಂದು ಹಿಡಿ ಕಡಿಮೆ, ದಪ್ಪ ಕಿರುಬೆರಳಷ್ಟು. ಮುಂದೆ ದಪ್ಪವಾದದ್ದು ಹೆಣ್ಣು ಬಾಣ, ದೂರ ಹೋಗುತ್ತದೆ. ಹಿಂದೆ ದಪ್ಪವಾದದ್ದು ಗಂಡು, ಗಟ್ಟಿ ವಸ್ತುವನ್ನು ಭೇದಿಸುತ್ತದೆ. ಎರಡೂ ಕಡೆ ಸಮನಾದದ್ದು ನಪುಂಸಕ, ಗುರಿ ಅಭ್ಯಾಸಕ್ಕೆ ಅದೇ ಶ್ರೇಷ್ಠ. ಇದನ್ನು ಓದಿ ನನ್ನ ಹೆಂಡತಿ ದೂರ ಹೋಗುವುದು ಯಾರು ಅಂತ ಇನ್ನೊಂದು ಸಲ ಓದಿಸಿದಳು.

ಪುಸ್ತಕದಲ್ಲಿ ಇದ್ದದ್ದನ್ನು ಕೈಯಲ್ಲಿ ತೋರಿಸಿದವರು ಒಬ್ಬ ಮೇದರ ಹಿರಿಯರು. ಒಂದು ಕಾಲಕ್ಕೆ ಈ ಸೀಮೆಯ ರೇಷ್ಮೆ ಗೂಡು ಕಟ್ಟುತ್ತಿದ್ದುದೇ ಅವರಂಥವರು ಹೆಣೆದ ಬಿದಿರ ಚಂದ್ರಂಕಿಯ ಮೇಲೆ. ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಆ ಕೆಲಸ ಕುಗ್ಗಿತು. ಈಗ ಮೊರ, ಬುಟ್ಟಿ, ಮದುವೆ ಚಪ್ಪರದ ಸೀಸನ್ನು. ಬಾಣಕ್ಕೆ ಅಂದಾಗ ನಗಲಿಲ್ಲ. "ಎಷ್ಟು ಉದ್ದ, ಎಷ್ಟು ಭಾರ ಹೇಳು ಸ್ವಾಮಿ" ಅಂದರು, ಅಷ್ಟೆ.

ಅವರ ಅಂಗಳದಲ್ಲಿ ಹತ್ತಿಪ್ಪತ್ತು ಗಳ ಒರಗಿದ್ದವು. ಹೆಬ್ಬಿದಿರನ್ನು ಮುಟ್ಟಲಿಲ್ಲ, ಅದರ ಗೋಡೆ ಬುಟ್ಟಿಗೆ ಸರಿ. ಒಳಗೆ ಬಹುಪಾಲು ತುಂಬಿಕೊಂಡಿರುವ ಕಿರುಬಿದಿರನ್ನು ಎಳೆದರು. ಮಚ್ಚಿನ ಹಿಮ್ಮೈಯಿಂದ ಎರಡು ಗೆಣ್ಣಿನ ನಡುವೆ ತಟ್ಟಿ ಕಿವಿಗೊಟ್ಟರು. ಮೊದಲನೆಯದು ಬೊದ್ದೆಂದಿತು: "ಇದು ಎಳೆ ವೆದುರು, ಇನ್ನೂ ಹಾಲು ಕುಡೀತೈತೆ." ಎರಡನೆಯದು ಠಣ್ ಎಂದಿತು. ಅದರ ಮೈ ಮೇಲಿನ ಬೂದಿ ಒರಸಿ ಬಣ್ಣ ನೋಡಿದರು, ಹಸಿರು ಮಾಸಿ ಹುಲ್ಲಿನ ಬಣ್ಣ ಬಂದಿತ್ತು. ಮೂರು ಮಳೆ ಕಂಡ ಬಿದಿರು ಬೇಕು, ಅದೂ ಮಳೆ ನಿಂತ ಮೇಲೆ, ಅಮಾವಾಸ್ಯೆ ಕಡೆಗೆ ಕಡಿದದ್ದು, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ. ಅಮಾವಾಸ್ಯೆಯ ಮಾತಿಗೆ ನಾನು ಜಾಮೀನು ನಿಲ್ಲುವುದಿಲ್ಲ, ಆದರೆ ಬಿದಿರಲ್ಲಿ ಹಿಟ್ಟಿನಂಶ ಹೆಚ್ಚಿದ್ದರೆ ಹುಳುವಿಗೆ ಹಬ್ಬವಾಗುತ್ತದೆ ಅನ್ನುವುದು ನಿಜ.

ಆಮೇಲೆ ಗಳವನ್ನು ಸೀಳಿ ದಬ್ಬೆ ಮಾಡಿದರು. ಮಚ್ಚು ಒಂದು ಸಲ ಬಾಯಿ ಕಚ್ಚಿತು ಅಷ್ಟೆ, ಮಿಕ್ಕದ್ದು ಕೈ ತಿರುವಿದ್ದಕ್ಕೆ ತಾನಾಗಿ ಬಿಚ್ಚಿಕೊಂಡಿತು. ಇಲ್ಲಿಯೇ ನನಗೆ ಜ್ಞಾನೋದಯ. ಸೀಳಿದ್ದು ಎಳೆಯ ದಾರಿಯಲ್ಲೇ ಹೋಗುತ್ತದೆ, ಕೊಯ್ದದ್ದಷ್ಟೇ ಎಳೆಗೆ ಅಡ್ಡ ಹೋಗುತ್ತದೆ. ನನ್ನ ಹೆಬ್ಬೆರಳಿನ ಹೊಲಿಗೆಗೆ ಕಾರಣವಾದದ್ದು ಗರಗಸ. ಮೇದರ ಮಚ್ಚಿಗೆ ಆ ತಪ್ಪು ಮಾಡುವುದಕ್ಕೇ ಬರುವುದಿಲ್ಲ. ದಬ್ಬೆಯ ಹೊರಸಿಪ್ಪೆಯನ್ನು ಕೀಸಬೇಡ ಅಂತ ಎರಡೆರಡು ಸಲ ಹೇಳಿದರು. ಬಿದಿರಿನ ನಾರೆಲ್ಲ ಹೊರಗಡೆಗೇ ಒತ್ತೊತ್ತಾಗಿರುತ್ತದೆ, ಬಲವೂ ಅಲ್ಲೇ. ಒಳಮೈ ಕೀಸಿ, ಗೆಣ್ಣಿನ ಉಬ್ಬನ್ನು ಮಾತ್ರ ಸವರಿ, ಉರುಟು ಮಾಡಿಕೊಳ್ಳಬೇಕು. ಅಂಗೈ ಮೇಲೆ ಉರುಳಿಸಿ ಎಲ್ಲಿ ಕುಣಿಯುತ್ತದೆ ನೋಡಿ, ಆ ಜಾಗವನ್ನು ಕೆಂಡದ ಮೇಲೆ ಹಿಡಿದು, ಬೆವರಿದಂತೆ ಮಿರುಗಿದಾಗ ಬಗ್ಗಿಸಿ, ಆರುವವರೆಗೆ ಬಿಡದೆ ಹಿಡಿದಿರಬೇಕು. ನಾನು ಅವಸರಪಟ್ಟು ಬಿಟ್ಟೆ, ಮತ್ತೆ ಡೊಂಕಾಯಿತು. "ಮಗೂಗೆ ಜ್ವರ ಇಳಿಯೋವರೆಗೂ ಪಕ್ಕದಲ್ಲೇ ಕೂತಿರಲ್ವಾ, ಹಂಗೆ" ಅಂದರು.

ಬಿದಿರು ಎಲ್ಲಿಂದ ತರುತ್ತೀರಿ ಅಂದೆ. ಆ ಪ್ರಶ್ನೆಗೆ ಮಾತ್ರ ಅವರ ಮುಖ ಸಪ್ಪಗಾಯಿತು. ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಪ್ರಕಾರ ಮರವಲ್ಲ ಅಂತ 2017ರ ಕೊನೆಗೆ ತಿದ್ದುಪಡಿ ಬಂತು. ಅವರಿಗೆ ಅದು ಹುಲ್ಲು ಅಂತ ಯಾವಾಗಿನಿಂದಲೂ ಗೊತ್ತಿತ್ತು. ದುಡ್ಡು ಎಷ್ಟಾದರೂ ಕೊಡಬಹುದು, ಒಳ್ಳೆ ಗಳ ಹತ್ತಿರದಲ್ಲಿ ಸಿಗಬೇಕಲ್ಲ.

ಬಿದಿರಿಲ್ಲದೆಯೂ ಬಾಣ ಆಗುತ್ತದೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಹರಳು ಗಿಡದ ಕೋಲಿನಿಂದ ಪುಟ್ಟ ಬಿಲ್ಲು, ಅದೇ ಗಿಡದ ಎಲೆಯ ತೊಟ್ಟಿನಿಂದ ಬಾಣ ಮಾಡಿ ಕೈಗೆ ಹಿಡಿಸುತ್ತಿದ್ದರು ಅಂತ ರಿಕ್ಟರ್ ಎಂಬ ಪಾದ್ರಿ 1870ರಲ್ಲಿ ಬರೆದಿದ್ದಾನೆ. ನನಗೆ ಈ ಬಾಣ ತುಂಬಾ ಇಷ್ಟ. ಟೊಳ್ಳು, ಹಗುರ, ಮಗುವಿನ ಬೆರಳಿಗೆ ಸರಿಯಾದ ದಪ್ಪ. ನಾವು ಬಯಲುಸೀಮೆಯವರು ಬೇಲಿ ಸಾಲಿನ ಬಂದರೆ ಗಿಡದ ಕೋಲು ಬಗ್ಗಿಸಿ, ಹುರಿ ಕಟ್ಟಿ, ತೊಗರಿ ಕಡ್ಡಿಯನ್ನೋ ಜೋಳದ ದಂಟನ್ನೋ ಹೂಡುತ್ತಿದ್ದೆವು. ಜೋಳದ ದಂಟು ಮುಂದೆ ಭಾರವಿಲ್ಲದೆ ಗಾಳಿಗೆ ತಿರುಗಿಬಿಡುತ್ತಿತ್ತು. ಅದರ ತುದಿಗೆ ಹುಣಸೆಬೀಜ ಅಂಟಿಸಿದರೆ ಸರಿಹೋಗುತ್ತದೆ ಅಂತ ಹತ್ತು ವರ್ಷದ ಹುಡುಗರು ಯಾರ ಹತ್ತಿರವೂ ಕೇಳದೆ ಕಂಡುಕೊಂಡಿದ್ದೆವು.

ನನ್ನ ಲೆಕ್ಕ ಹೇಳಿ ಮುಗಿಸುತ್ತೇನೆ. ಮೇದರ ಅಂಗಳದಿಂದ ನಲವತ್ತು ದಬ್ಬೆ ಬಂದವು. ಅಡುಗೆಮನೆ ಅಟ್ಟದಲ್ಲಿ ಹೊಗೆ ಕುಡಿದು ಮೂರು ತಿಂಗಳು ಒಣಗಿದವು. ಕೀಸುವಾಗ ಆರು ಕೈಕೊಟ್ಟವು, ಕೆಂಡದಲ್ಲಿ ನಾಲ್ಕು ಕರಿಕಲಾದವು. ಉಳಿದ ಮೂವತ್ತು ಒಂದೊಂದಾಗಿ ಬಾಟಲಿ ಹೊತ್ತವು. ಹದಿನೆಂಟು ಮಿಲಿಮೀಟರಿನ ಆಸುಪಾಸಿನಲ್ಲಿ ನಿಂತದ್ದು ಹದಿನಾಲ್ಕು. ತಕ್ಕಡಿಗೆ ಹಾಕಿದ ಮೇಲೆ ಅಣ್ಣತಮ್ಮಂದಿರು ಅಂತ ಕರೆಸಿಕೊಳ್ಳಲು ಒಪ್ಪಿದ್ದು ಒಂಬತ್ತು. ಒಂಬತ್ತಕ್ಕೂ ಗರಿ ಕಟ್ಟಿದ್ದೇನೆ, ಇಪ್ಪತ್ತು ಗಜದಲ್ಲಿ ಬೊಗಸೆಯಷ್ಟು ಜಾಗದಲ್ಲಿ ಬೀಳುತ್ತಿವೆ. ಡಜನ್ನಿಗೆ ಇನ್ನೂ ಮೂರು ಬೇಕು.

ಬೇಡವಾದ ಕಡ್ಡಿಗಳನ್ನು ಎದುರು ಮನೆಯ ಅಜ್ಜಿ ಕೇಳಿ ಒಯ್ದರು. ಹಿತ್ತಿಲಲ್ಲಿ ಟೊಮೆಟೊ ಗಿಡಕ್ಕೆ ಊರುಗೋಲು ಕೊಟ್ಟಿದ್ದಾರೆ. ನಿನ್ನೆ ನೀರು ಸೇದಲು ಹೋದಾಗ ಕಣ್ಣಿಗೆ ಬಿತ್ತು, ಮೂರನೆಯ ಸಾಲಿನ ಕೊನೆಯ ಕಡ್ಡಿ ಬಿಸಿಲಿಗೆ ನಿಂತು ಇನ್ನಷ್ಟು ಒಣಗಿ, ತೀಡಿದಂತೆ ನೆಟ್ಟಗೆ ಆಗಿದೆ. ತೂಕವೂ ಇಳಿದಿರಬೇಕು. ಗಿಡದಲ್ಲಿ ನಾಲ್ಕು ಕಾಯಿ ಕಟ್ಟಿವೆ. ಅವು ಹಣ್ಣಾಗುವವರೆಗೂ ಕೇಳುವ ಹಾಗಿಲ್ಲ.